ಎಮ್ಮೆ ಗೂಟಕ್ಕೆ ಕಟ್ಟಿದ ದೋಣಿ

ಶನಿವಾರ ಹೊತ್ತು ಇಳಿಯುವ ಮುಂಚೆ
ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಮಾರಿಕಣಿವೆ ಹಿನ್ನೀರಿನ ಈ ಮಗ್ಗುಲಲ್ಲಿ
ನಮಗೆ ಹೆಸರು ಗೊತ್ತಿಲ್ಲದ ಒಂದು ದಡ.
ಹುಟ್ಟು ಹಾಕಿದೆವು, ನಾನು ಬಲಕ್ಕೆ, ಇವರು ಎಡಕ್ಕೆ.
ಮೂವತ್ತೊಂದು ವರ್ಷದ ಸಂಸಾರ
ಇದೊಂದರಲ್ಲಿ ಇನ್ನೂ ಹೊಂದಿಕೊಂಡಿಲ್ಲ:
ದೋಣಿ ಗಾಣದೆತ್ತಿನ ಹಾಗೆ
ನಿಂತಲ್ಲೇ ಸುತ್ತಿತು.

ದಡದಲ್ಲಿ ಒಂದು ಗೂಟ. ಎಮ್ಮೆಯದು.
ಗೂಟದ ಒಡತಿ ಸಣ್ಣೋಬಕ್ಕ
ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿ, ನಕ್ಕು,
"ಕಟ್ರಿ, ಕಟ್ರಿ. ಇದೇನು ಹಾಯಲ್ಲ, ಒದೆಯಲ್ಲ.
ನಮ್ಮೆಮ್ಮೆ ಕೋಣದ ತಾವ ಹೋಗೈತೆ,
ಸೋಮವಾರ ಬರ್ತೈತೆ. ಅಷ್ಟರೊಳಗೆ ಬಿಟ್ರೆ ಸೈ."
ಬಾಡಿಗೆ ಎಷ್ಟು ಅಂತ ಇವರು ಜೇಬು ಮುಟ್ಟಿಕೊಂಡರೆ
"ಒಂದು ಸಲ ಕೂರಿಸ್ಕೊಂಡು ತಿರುಗಿಸ್ರಿ" ಅಂದಳು.

ಪಂಕಕ್ಕೆ ಸುತ್ತಿಕೊಂಡಿದ್ದು ಯಾರದೋ ನೈಲಾನ್ ಬಲೆ.
ಬಾಯಲ್ಲಿ ಟಾರ್ಚ್ ಕಚ್ಚಿ, ಎದೆಮಟ್ಟ ನೀರಲ್ಲಿ ನಿಂತು
ನನ್ನ ಹೊಲಿಗೆ ಕತ್ತರಿಯಿಂದ ಕತ್ತರಿಸಿದರು.
ಕತ್ತರಿ ಮೊಂಡಾಯಿತು ಅಂತ ನಾನು,
ಇಂಜಿನ್ ಉಳಿಯಿತಲ್ಲ ಅಂತ ಅವರು,
ಅರ್ಧ ಗಂಟೆ ಮಾತಿಲ್ಲ.
ಹುರಿದ ಶೇಂಗಾದ ಪೊಟ್ಟಣ ಬಿಚ್ಚಿದ ಸದ್ದಿಗೆ
ಇಬ್ಬರೂ ಒಟ್ಟಿಗೆ ತಿರುಗಿದೆವು.

ಇವರು ಊರೂರು ಅಲೆದು ಬೋರ್ ಕೊರೆದವರು.
ಕಲ್ಲಿನ ಧೂಳು ಮೆತ್ತಿ ಮನೆಗೆ ಬಂದರೆ
ಬಾಗಿಲ ನಾಯಿ ಬೊಗಳುತ್ತಿತ್ತು.
ಆರುನೂರು ಅಡಿಗೆ ಒಂದಿಂಚು, ಎಂಟುನೂರಕ್ಕೆ ಬರೀ ಬೂದಿ.
ನನ್ನ ಸೀರೆ, ಹಬ್ಬದ ಎಣ್ಣೆ, ನಮ್ಮ ಮುನಿಸು
ಎಲ್ಲ ಆ ಇಂಚಿನ ಲೆಕ್ಕದಲ್ಲೇ.
ಈಗ ಮಲಗಿದಲ್ಲಿಂದ ಕೈ ಇಳಿಬಿಟ್ಟರೆ ನೀರು.
ರಾತ್ರಿ ಮೂರು ಸಲ ಮುಟ್ಟಿ ನೋಡಿದ್ದನ್ನು
ನಾನು ನಿದ್ದೆ ಬಂದವಳ ಹಾಗೆ ಲೆಕ್ಕ ಇಟ್ಟೆ.

ನಾಲ್ಕನೆಯ ಸಲ ಎದ್ದು ಕೂತು
ದಾರಕ್ಕೆ ಸ್ಪ್ಯಾನರ್ ಕಟ್ಟಿ ಇಳಿಬಿಟ್ಟರು.
ದಾರ ಸಡಿಲಾಯಿತು.
"ಹನ್ನೆರಡು ಅಡಿ. ಕಲ್ಲು ಸಿಕ್ತು" ಅಂದರು,
ಹಳೆಯ ದನಿಯಲ್ಲಿ, ಬೇಜಾರಾದವರ ಹಾಗೆ.
ಆಮೇಲೆ ಅವರಿಗೇ ನಗು ಬಂತು,
ದೋಣಿ ಅಲ್ಲಾಡುವಷ್ಟು.

ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪ
ಒಟ್ಟಿಗೆ ಹತ್ತಿ, ಒಟ್ಟಿಗೆ ಆರಿ.
"ಬಂದರು ಅಂದ್ರೆ ಹಿಂಗೇ ಇರ್ತೈತೇನೋ."
ಇಬ್ಬರೂ ಸಮುದ್ರ ಕಂಡವರಲ್ಲ.
ಇರಬಹುದು ಅಂದೆ.

ಭಾನುವಾರ ನಾಲ್ಕು ಬಟ್ಟೆ ಒಗೆದು ಜಾಲಿಯ ಮೇಲೆ ಹರವಿದೆ,
ಮುಳ್ಳಿಗೆ ಸಿಕ್ಕಿ ರವಿಕೆಯ ತೋಳು ಹರಿಯಿತು.
ಸಣ್ಣೋಬಕ್ಕನ ಮನೆಯಲ್ಲಿ ಫೋನು ಚಾರ್ಜಿಗೆ,
ಬರುವಾಗ ಗಿಂಡಿಯಲ್ಲಿ ಮಜ್ಜಿಗೆ.
ಹಿರಿಯೂರಿನಿಂದ ಬೈಕಲ್ಲಿ ಬಂದ ಹುಡುಗರು
ಕೇಳದೆ ದೋಣಿ ಹತ್ತಿ ಫೋಟೋ ತೆಗೆಸಿಕೊಂಡರು.
ಇವರು ಬೈಯಲಿಲ್ಲ. ತಲೆ ಬಾಚಿ ಬಂದು
ಹಿಂದೆ ನಿಂತರು.

ಬಾಡಿಗೆ ತೀರಿಸಿದ್ದು ಸಂಜೆ.
ಸೆರಗು ಬಿಗಿದು, ಹಲಗೆ ಅವಚಿ,
ಕಣ್ಣು ಮುಚ್ಚಿ ಕೂತ ಸಣ್ಣೋಬಕ್ಕ
ನಡುನೀರಲ್ಲಿ ಒಂದು ಕಣ್ಣು ಬಿಟ್ಟಳು.
ತನ್ನ ಮನೆಯನ್ನು ಈ ಕಡೆಯಿಂದ
ಅವಳು ಎಂದೂ ನೋಡಿರಲಿಲ್ಲ.
"ಇಷ್ಟೇನಾ" ಅಂದಳು.
ಇನ್ನೊಂದು ಕಣ್ಣನ್ನೂ ಬಿಟ್ಟು, ಬಹಳ ಹೊತ್ತು ನೋಡಿ,
"ಈ ಮಗ್ಗುಲಿಗೆ ಸುಣ್ಣ ಹೊಡೆಸಬೇಕು."

ಸೋಮವಾರ ಎಮ್ಮೆ ಬಂತು, ಹೇಳಿದ ಹೊತ್ತಿಗೆ.
ಯಾರ ಮುಖವನ್ನೂ ನೋಡದೆ
ನೇರ ತನ್ನ ಗೂಟಕ್ಕೆ ನಡೆದು
ದೋಣಿಯ ಮೂತಿ ಮೂಸಿತು.
ಫೋನಿನಲ್ಲಿ ನೋಡಿ ಕಲಿತ ಗಂಟು ಇವರಿಗೆ ಬಿಚ್ಚಲಾಗಲಿಲ್ಲ.
ನಾನು ಹಲ್ಲಿನಿಂದ ಬಿಚ್ಚಿದೆ.
ದಿನವಿಡೀ ಬಾಯಲ್ಲಿ
ಹಗ್ಗ, ಸಗಣಿ, ಕೆರೆಯ ನೀರು.